ದೇಹವನ್ನೇ ದೋಷವೆಂದು ಸಾರುವ ಜಾಹೀರಾತುಗಳು

2022ರ ಮೇ 16ರಂದು ಬೆಂಗಳೂರಿನ ರಾಜಾಜಿನಗರದ ಸೌಂದರ್ಯ ಚಿಕಿತ್ಸಾಲಯವೊಂದರಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ ಕಿರುತೆರೆ ನಟಿ ಚೇತನಾ ರಾಜ್ ಕೊನೆಯುಸಿರೆಳೆದರು. 'ಗೀತಾ', 'ದೊರೆಸಾನಿ' ಧಾರಾವಾಹಿಗಳಲ್ಲಿ ನಟಿಸಿದ್ದ ಆಕೆಗೆ ಆಗ ಕೇವಲ 21 ವರ್ಷ. ಮಗಳು ಶಸ್ತ್ರಚಿಕಿತ್ಸೆಗೆ ಹೋದದ್ದು ಹೆತ್ತವರಿಗೆ ತಿಳಿದಿರಲಿಲ್ಲ. ಬೇರೊಂದು ಆಸ್ಪತ್ರೆಗೆ ಸಾಗಿಸಿದರೂ ಜೀವ ಉಳಿಯಲಿಲ್ಲ.

ಇಂತಹ ಸುದ್ದಿ ಬಂದಾಗಲೆಲ್ಲ 'ಅವಳಿಗೇಕೆ ಬೇಕಿತ್ತು?' ಎಂಬ ಪ್ರಶ್ನೆ ಏಳುತ್ತದೆ. ಸತ್ತವಳು ಉತ್ತರಿಸಲಾರಳು, ಆದ್ದರಿಂದ ಕೇಳುವುದು ಸುಲಭ. ಆರೋಗ್ಯವಂತ ಹೆಣ್ಣುಮಕ್ಕಳ ಮನಸ್ಸಿನಲ್ಲಿ ಈ 'ಬೇಕು' ಎಂಬುದನ್ನು ಬಿತ್ತಿದವರು ಯಾರು ಎಂದು ಏಕೆ ಕೇಳುವುದಿಲ್ಲ?

ವೈದ್ಯಶಾಸ್ತ್ರ ರೋಗಿಯ ನೋವಿನಿಂದ ಆರಂಭವಾಗುತ್ತದೆ. ಸೌಂದರ್ಯದ ಜಾಹೀರಾತಾದರೋ ನೋವಿಲ್ಲದವಳಲ್ಲಿ ನೋವನ್ನು ಹುಟ್ಟಿಸಿ ಬಳಿಕ ಅದಕ್ಕೆ ಬೆಲೆ ಹೇಳುತ್ತದೆ. ಹೆರಿಗೆಯ ನಂತರದ ಹೊಟ್ಟೆ, ಅಜ್ಜಿಯಿಂದ ಬಂದ ಮೂಗು, ಬಿಸಿಲಿನ ನಾಡಿನ ಮೈಬಣ್ಣ ಎಲ್ಲವೂ ಅದರ ಕಣ್ಣಿಗೆ 'ಸಮಸ್ಯೆ'ಗಳೇ. 'ಮೊದಲು' ಎಂಬ ಚಿತ್ರದಲ್ಲಿ ಮಂಕು ಬೆಳಕು, ಬಾಡಿದ ಮುಖ, 'ನಂತರ'ದಲ್ಲಿ ನಗು. ಲೈಪೋಸಕ್ಷನ್ ಬೊಜ್ಜಿನ ಚಿಕಿತ್ಸೆಯೇ ಅಲ್ಲ, ಕೊಬ್ಬಿನ ಕಣಗಳು ರಕ್ತದ ಮೂಲಕ ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಅಪಾಯ ಎಂಬ ಮಾತು ಆ ಚಿತ್ರಗಳ ಕೆಳಗೆ ಎಲ್ಲಿದೆ?

ಕಾನೂನು ಇಲ್ಲವೆಂದಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯು ಬೊಜ್ಜು, ಸ್ತನದ ಆಕಾರ ಮುಂತಾದವುಗಳಿಗೆ ಔಷಧಿಯ ಜಾಹೀರಾತು ನೀಡುವುದನ್ನು ನಿಷೇಧಿಸಿದೆ. ಜಾಹೀರಾತಿನ ಮೂಲಕ ರೋಗಿಗಳನ್ನು ಸೆಳೆಯುವುದು ವೈದ್ಯಧರ್ಮಕ್ಕೆ ವಿರುದ್ಧವೆಂದು ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಹೇಳಿದೆ. ಅದೇ ಮಾತಿಗೆ ಇಂದು ಫೋನಿನ ಪರದೆಯಲ್ಲಿ 'ಕೊಡುಗೆ' ಎಂದು ಹೆಸರು, ಕಂತಿನ ಸೌಲಭ್ಯ ಬೇರೆ!

ಇಸ್ಲಾಮ್ ಅಲಂಕಾರವನ್ನು ವಿರೋಧಿಸುವುದಿಲ್ಲ, ಚಿಕಿತ್ಸೆಯನ್ನಂತೂ ವಿರೋಧಿಸುವುದೇ ಇಲ್ಲ. ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜಾ(ರ)ರಿಗೆ ಚಿನ್ನದ ಮೂಗು ಇರಿಸಿಕೊಳ್ಳಲು ಪ್ರವಾದಿ(ಸ)ರು ಅನುಮತಿ ನೀಡಿದ್ದರು. ಸುಟ್ಟ ಮುಖವನ್ನೋ ಸೀಳುತುಟಿಯನ್ನೋ ಸರಿಪಡಿಸುವ ವೈದ್ಯನ ಕೈಗೆ ಯಾರೂ ಅಡ್ಡ ಬರಬಾರದು. ಆದರೆ ಕೇವಲ ಚೆಲುವಿಗಾಗಿ ಹಲ್ಲುಗಳ ನಡುವೆ ಸಂದು ಮಾಡಿಸಿ ಅಲ್ಲಾಹನ ಸೃಷ್ಟಿಯನ್ನು ಬದಲಾಯಿಸುವುದನ್ನು ಅವರು ಕಠಿಣವಾಗಿ ಖಂಡಿಸಿದ್ದಾರೆ. ಮನುಷ್ಯನನ್ನು ಅತ್ಯುತ್ತಮ ರೂಪದಲ್ಲಿ ಸೃಷ್ಟಿಸಿರುವೆನೆಂದು ಸೃಷ್ಟಿಕರ್ತನೇ ಹೇಳುತ್ತಿರುವಾಗ, ಅದರಲ್ಲಿ ತಪ್ಪು ಹುಡುಕುವ ಅಧಿಕಾರವನ್ನು ಜಾಹೀರಾತು ಕಂಪೆನಿಗೆ ಕೊಟ್ಟವರಾರು?

ಇಷ್ಟು ಹೇಳಿ ಹೆಣ್ಣುಮಕ್ಕಳಿಗೆ ಬುದ್ಧಿವಾದ ಹೇಳಲು ಹೊರಡುವವರು ತುಸು ನಿಲ್ಲಲಿ. ಸೂರಃ ಅಲ್ ಹುಜುರಾತ್ ಅಪಹಾಸ್ಯವನ್ನು ನಿಷೇಧಿಸುವಾಗ ಪುರುಷರನ್ನೂ ಸ್ತ್ರೀಯರನ್ನೂ ಬೇರೆಬೇರೆಯಾಗಿಯೇ ಎಚ್ಚರಿಸಿದೆ. ಮದುವೆಮನೆಯಲ್ಲಿ 'ಏನಮ್ಮಾ, ಇಷ್ಟು ದಪ್ಪಗಾಗಿದ್ದೀಯಾ?' ಎಂದು ನಾಲ್ವರೆದುರು ಕೇಳುವ ಖಾಲಾ, ವಿವಾಹ ವೇದಿಕೆಯಲ್ಲಿ 'ದೀನೀ, ಬೆಳ್ಳಗಿನ, ತೆಳ್ಳಗಿನ ವಧು ಬೇಕು' ಎಂದು ಬರೆಯಿಸುವ ತಂದೆ ಇವರೆಲ್ಲ ಆ ಚಿಕಿತ್ಸಾಲಯಗಳಿಗೆ ಸಂಬಳವಿಲ್ಲದೆ ದುಡಿಯುತ್ತಿದ್ದಾರೆ. ದೀನಿನ ಪಕ್ಕದಲ್ಲೇ ಮೈಬಣ್ಣವನ್ನೂ ಸೊಂಟದ ಅಳತೆಯನ್ನೂ ಬರೆಯುವ ಆ ಕೈಗಳನ್ನು ನಮ್ಮ ಜಮಾಅತ್‌ಗಳು ಈವರೆಗೆ ಪ್ರಶ್ನಿಸಿವೆಯೇ?