ಜೋಳಿಗೆ ದ್ರಾಕ್ಷಾರಸದ ಅಂಗಳಕ್ಕೂ ಬರಲಿ

ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು. ಕೂಲಿಯವನ ಸಂಜೆಯ ಪ್ಯಾಕೆಟ್ ಅಂಗಡಿಯಿಂದ ಮಾಯವಾಯಿತು, ವ್ಯಸನಮುಕ್ತಿಗಾಗಿ ದುಡಿದವರಿಗೆಲ್ಲ ಸಮಾಧಾನವಾಯಿತು. ಅದೇ 2007ರ ಇಸವಿ ಹೊತ್ತ ಇನ್ನೊಂದು ಸರ್ಕಾರಿ ಕಾಗದವಿದೆ, ಅದನ್ನು ನಾವು ಯಾರೂ ವೇದಿಕೆಯ ಮೇಲೆ ನೆನೆಯುವುದಿಲ್ಲ. ಅದು ಕರ್ನಾಟಕ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ. ಬಡವನ ಕುಡಿತಕ್ಕೆ ಬೀಗ ಬಿದ್ದ ವರ್ಷವೇ ಉಳ್ಳವರ ಕುಡಿತಕ್ಕೆ ನೀತಿ, ರಿಯಾಯಿತಿ, ಒಂದು ಮಂಡಳಿ ಸಿಕ್ಕವು. ಮಂಡಳಿಯ ಹೆಸರು ಕರ್ನಾಟಕ ದ್ರಾಕ್ಷಾರಸ ಮಂಡಳಿ. ಹೆಸರು ಎಷ್ಟು ಸಾತ್ವಿಕವಾಗಿದೆ ನೋಡಿ! ಮಕ್ಕಳಿಗೂ ಕುಡಿಸಬಹುದು ಅನ್ನಿಸುತ್ತದೆ. ತೆಂಗಿನ ಕಳ್ಳನ್ನು ಯಾರಾದರೂ ‘ತೆಂಗಿನ ರಸ’ ಎಂದು ಕರೆದದ್ದನ್ನು ಕೇಳಿದ್ದೀರಾ?

ಇದು ನಮಗೆ ದೂರದ ಮಾತೇನಲ್ಲ. ರಾಜ್ಯದ ವೈನ್ ಪ್ರದೇಶಗಳಲ್ಲಿ ಒಂದು ನಂದಿ ಕಣಿವೆ, ಇನ್ನೊಂದು ಕೃಷ್ಣಾ ಕಣಿವೆ. ಕೃಷ್ಣಾ ಕಣಿವೆ ಎಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ. ಬಸವಣ್ಣನವರು ಹುಟ್ಟಿದ ಬಾಗೇವಾಡಿ, ಐಕ್ಯರಾದ ಕೂಡಲಸಂಗಮ ಎರಡೂ ಅದೇ ನೆಲದಲ್ಲಿವೆ. ಅಲ್ಲಿ ಬಳ್ಳಿ ಕಟ್ಟಿದವರಲ್ಲಿ ಹಣೆಗೆ ವಿಭೂತಿ ಹಚ್ಚಿಕೊಂಡವರು ಬಹಳ ಮಂದಿ. ಬಾಟಲಿ ಕೊಳ್ಳುವ ಊರುಗಳಲ್ಲಿರುವ ಅವರ ಮಕ್ಕಳೂ ಕಡಿಮೆಯೇನಿಲ್ಲ.

ನಾನು ವಿಜಯಪುರ ಜಿಲ್ಲೆಯವನು. ನೌಕರಿಗೆಂದು ಮಣಿಪಾಲಕ್ಕೆ ಬಂದು, ನಿವೃತ್ತಿಯ ನಂತರವೂ ಉಡುಪಿಯಲ್ಲಿಯೇ ಉಳಿದೆ. ಮಣಿಪಾಲದಲ್ಲಿ ಕೆಲಸ ಮಾಡುವ ನನ್ನ ತಮ್ಮನ ಮಗ ಫೆಬ್ರವರಿಯಲ್ಲಿ ಗೆಳೆಯರೊಂದಿಗೆ ಊರಿಗೆ ಹೊರಟಿದ್ದ. ದಾರಿಯಲ್ಲಿ ಒಂದು ಸಣ್ಣ ವೈನರಿ ನೋಡುವ ಯೋಜನೆಯೂ ಇತ್ತು. “ದೊಡ್ಡಪ್ಪಾ, ನೀವೂ ಬರ್ರಿ. ಕುಡಿಯೂದೇನ ಬ್ಯಾಡ, ನೋಡಿ ಬಯ್ಯರಿ” ಅಂದ. ನೋಡದೆ ಬಯ್ಯುವುದಕ್ಕಿಂತ ಇದು ಮೇಲು ಎಂದು ಹೊರಟೆ.

ಹೊಲದ ನಡುವೆ ಒಂದು ತಗಡಿನ ಶೆಡ್ಡು, ಒಳಗೆ ಆಳೆತ್ತರ ಮೀರಿದ ಸ್ಟೀಲ್ ಟ್ಯಾಂಕುಗಳು. ಕೆಂಪು ವೈನಿಗೆ ಹಣ್ಣನ್ನು ಸಿಪ್ಪೆಯ ಸಮೇತ ಹುಳಿಯಲು ಬಿಡುತ್ತಾರೆ, ಬಣ್ಣ ಬರುವುದು ಸಿಪ್ಪೆಯಿಂದಲೇ. ಬಿಳಿಯದಕ್ಕೆ ಮೊದಲು ಹಿಂಡಿ ರಸ ಬೇರ್ಪಡಿಸುತ್ತಾರೆ. ತೋರಿಸುತ್ತಿದ್ದ ಹುಡುಗ ಕೃಷಿ ಪದವೀಧರ, ತನ್ನ ಕೆಲಸ ಬಲ್ಲವನು. ಅದನ್ನು ಒಪ್ಪಿಕೊಳ್ಳಲೇಬೇಕು. ಆಮೇಲೆ ಮೇಜಿನ ಮೇಲೆ ಪ್ರತಿಯೊಬ್ಬರ ಮುಂದೆ ನಾಲ್ಕು ಗ್ಲಾಸು ಇಟ್ಟರು. ಗ್ಲಾಸು ತಿರುಗಿಸಿ ಬಣ್ಣ ನೋಡಬೇಕು, ಮೂಗಿಗೆ ಹಿಡಿಯಬೇಕು, ಒಂದು ಗುಟುಕು ಬಾಯಲ್ಲಿ ಆಡಿಸಬೇಕು, ಬೇಕಾದರೆ ಉಗುಳಬೇಕು. ಉಗುಳಲು ಪಾತ್ರೆಯೂ ಇತ್ತು. ಅದು ಕೊನೆಯವರೆಗೆ ಒಣಗಿಯೇ ಇತ್ತು. ನಾನು ಮೂಗಿನವರೆಗೆ ಮಾತ್ರ ಹೋದೆ. ಪಕ್ಕದ ಮೇಜಿನಲ್ಲಿ ಒಂದು ಕುಟುಂಬ ಕೂತಿತ್ತು, ಹತ್ತು ಹನ್ನೆರಡು ವರ್ಷದ ಇಬ್ಬರು ಮಕ್ಕಳು ತಂದೆತಾಯಿಯ ಗ್ಲಾಸುಗಳ ಫೋಟೋ ತೆಗೆಯುತ್ತಿದ್ದರು. ಸಾರಾಯಿ ಅಂಗಡಿಗೆ ಮಕ್ಕಳನ್ನು ಕರೆದೊಯ್ದ ತಂದೆಯನ್ನು ಊರು ಸುಮ್ಮನೆ ಬಿಡುತ್ತಿರಲಿಲ್ಲ. ಇಲ್ಲಿ ಅದು ‘ಕೃಷಿ ಪ್ರವಾಸ’.

ಗೇಟಿನ ಹೊರಗೆ ಟ್ರ್ಯಾಕ್ಟರಿನಲ್ಲಿ ದ್ರಾಕ್ಷಿ ತಂದ ರೈತನೊಬ್ಬ ಸರದಿಗಾಗಿ ಕಾಯುತ್ತಿದ್ದ. ಕೊರಳಲ್ಲಿ ಕರಡಿಗೆ ಕಾಣುತ್ತಿತ್ತು. ಹಣ್ಣಿನ ಸಕ್ಕರೆ ಅಳೆದು, ಅದರ ಮೇಲೆ ದರ ಹೇಳುತ್ತಾರೆ. ಲಿಂಗ ಕಟ್ಟಿದವರು ಇದನ್ನು ಬೆಳೆಯಬಹುದೇ ಎಂದು ನಾನು ಕೇಳಲಿಲ್ಲ. ನನ್ನ ಮುಖ ನೋಡಿ ಅವನೇ ಅಂದ: “ಯಜಮಾನ್ರ, ಎರಡು ಚಾಟ್ನಿ, ಔಷಧ, ಆಳಿನ ಪಗಾರ ಎಲ್ಲಾ ಸಾಲದಾಗ ಮಾಡೀನ್ರಿ. ಮಣೂಕದ ದರ ಬಿದ್ದಾಗ ಯಾವ ಮಠದವ್ರೂ ಕೇಳಾಕ ಬರಲಿಲ್ಲ. ಇವ್ರು ಬಂದ್ರು.”

ಈ ಮಾತಿಗೆ ಉತ್ತರ ಕೊಡದೆ ವೈನಿನ ಬಗ್ಗೆ ಪ್ರವಚನ ಮಾಡುವ ಹಕ್ಕು ನಮಗಿಲ್ಲ. ಆ ರೈತನನ್ನು ಮದ್ಯ ತಯಾರಕನೆಂದು ಹೀಗಳೆಯುವ ನಮ್ಮ ಕೆಲವು ಉತ್ಸಾಹಿ ಸುಧಾರಕರನ್ನು ನಾನು ಒಪ್ಪುವುದಿಲ್ಲ. ಬಳ್ಳಿಗೆ ನೀರುಣಿಸುವುದು ಕಾಯಕವೇ. ಆದರೆ ವೈನರಿಯೇ ರೈತನ ಉದ್ಧಾರಕ ಎಂಬ ಮಾತನ್ನೂ ಒಪ್ಪಲಾರೆ. ವೈನ್ ತಳಿಯ ಹಣ್ಣು ಸಣ್ಣದು, ದಪ್ಪ ಸಿಪ್ಪೆ, ಒಳಗೆ ಬೀಜ. ಸಂತೆಯಲ್ಲಿ ಅದನ್ನು ತಿನ್ನಲು ಕೊಳ್ಳುವವರಿಲ್ಲ. ಥಾಮ್ಸನ್ ಬಳ್ಳಿಯಾದರೆ ಹಣ್ಣಾಗಿ ಮಾರಬಹುದು, ದರ ಬಾರದಿದ್ದರೆ ಒಣಗಿಸಬಹುದು. ವೈನ್ ಬಳ್ಳಿ ನೆಟ್ಟವನಿಗೆ ಒಂದೇ ಬಾಗಿಲು, ಅದು ಮುಚ್ಚಿದರೆ ಬೇರೆ ದಾರಿಯಿಲ್ಲ. 2008ರ ಆರ್ಥಿಕ ಹಿಂಜರಿತದ ನಂತರ ನಾಸಿಕ್ ಭಾಗದಲ್ಲಿ ಹೀಗೆಯೇ ಆಯಿತು. ಕಾರ್ಖಾನೆಗಳು ಖರೀದಿ ಕಡಿಮೆ ಮಾಡಿದಾಗ ಅನೇಕ ರೈತರು ವೈನ್ ಬಳ್ಳಿಗಳನ್ನು ಬೇರುಸಹಿತ ಕಿತ್ತರು.

ಇನ್ನು ‘ವೈನ್ ಹೃದಯಕ್ಕೆ ಒಳ್ಳೆಯದು’ ಎಂಬ ಮಾತು. ಓದಿದವರ ಮನೆಯಲ್ಲಿ ಇದು ಮಂತ್ರದಂತೆ ಓಡಾಡುತ್ತದೆ, ಡಾಕ್ಟರುಗಳ ಊರಾದ ಮಣಿಪಾಲದಲ್ಲಿಯೂ ಕೇಳಿದ್ದೇನೆ. ಮದ್ಯಸಾರ ಕ್ಯಾನ್ಸರ್ ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1988ರಲ್ಲಿಯೇ ಮೊದಲ ಗುಂಪಿಗೆ ಸೇರಿಸಿತು. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಕುಡಿತದ ಪ್ರಮಾಣವೇ ಇಲ್ಲ ಎಂದು 2023ರ ಜನವರಿಯಲ್ಲಿ ಆ ಸಂಸ್ಥೆ ಸ್ಪಷ್ಟವಾಗಿ ಹೇಳಿತು. ಲೆಕ್ಕ ನಾವೇ ಹಾಕಬಹುದು. ಶೇ. 12ರ ವೈನಿನ 750 ಮಿ.ಲೀ. ಬಾಟಲಿಯಲ್ಲಿ 90 ಮಿ.ಲೀ. ಮದ್ಯಸಾರವಿದೆ. ಬಾರಿನಲ್ಲಿ ಕೊಡುವ 180 ಮಿ.ಲೀ. ಕ್ವಾರ್ಟರ್ ವಿಸ್ಕಿಯಲ್ಲಿ ಇರುವುದು ಸುಮಾರು 77. ಇಬ್ಬರು ಊಟಕ್ಕೆ ಕೂತು ಬಾಟಲಿ ಮುಗಿಸಿದರೆ ಒಬ್ಬೊಬ್ಬರು ಅರ್ಧ ಕ್ವಾರ್ಟರಿಗಿಂತ ಹೆಚ್ಚೇ ಕುಡಿದಂತಾಯಿತು. ಗ್ಲಾಸಿನ ಕಾಂಡ ಉದ್ದವಾದ ಮಾತ್ರಕ್ಕೆ ಯಕೃತ್ತಿಗೆ ಅದು ಬೇರೆ ಪದಾರ್ಥವಾಗುವುದಿಲ್ಲ.

ಉಡುಪಿಗೆ ಮರಳಿದ ಮೇಲೆ ಇದನ್ನೆಲ್ಲ ಇಲ್ಲಿಯ ಕಳ್ಳಿನ ಪಕ್ಕದಲ್ಲಿಟ್ಟು ನೋಡಿದೆ. ಕಾಪು, ಕಾರ್ಕಳದ ಕಡೆ ಮೂರ್ತೆದಾರರು ಈಗಲೂ ಬೆಳಗ್ಗೆ, ಸಂಜೆ ತೆಂಗಿನ ಮರ ಹತ್ತುತ್ತಾರೆ. ಮಳೆಗಾಲದಲ್ಲಿ ಜಾರುವ ಮರ, ಸೊಂಟದಲ್ಲಿ ಕತ್ತಿ, ಬಿದ್ದರೆ ಬದುಕೇ ಮುಗಿಯಿತು. ಇಳಿಸಿದ ಕಳ್ಳು ಅಂದೇ ಮಾರಾಟವಾಗಬೇಕು, ಇಲ್ಲದಿದ್ದರೆ ಹುಳಿಯಾಗುತ್ತದೆ. ಅದರಲ್ಲಿ ಇರುವ ಮದ್ಯಸಾರ ಸಾಮಾನ್ಯವಾಗಿ ವೈನಿನ ಅರ್ಧದಷ್ಟೂ ಇರುವುದಿಲ್ಲ. ಆದರೂ ಕಳ್ಳಿಳಿಸುವವನು ಕೀಳು, ವೈನ್ ಮಾಡುವವನು ಉದ್ಯಮಿ. ಇದು ಕುಡಿತದ ವಿಚಾರವಲ್ಲ, ಜಾತಿ ಮತ್ತು ಹಣದ ವಿಚಾರ. ಕಾಯಕದಲ್ಲಿ ಮೇಲುಕೀಳಿಲ್ಲವೆನ್ನುವ ನಾವು ಇದನ್ನು ಎಲ್ಲರಿಗಿಂತ ಮೊದಲು ಗುರುತಿಸಬೇಕಿತ್ತು. (ಕಾರ್ಕಳದ ಗುಡ್ಡಗಳಲ್ಲಿ ಕೊಳೆತುಹೋಗುವ ಗೇರುಹಣ್ಣಿನಿಂದಲೂ ವೈನ್ ಮಾಡಬಹುದಲ್ಲ ಎಂಬ ಸಲಹೆ ನನ್ನ ಕಿವಿಗೂ ಬಿದ್ದಿದೆ. ಹಣ್ಣು ಬದಲಾದರೆ ವಾದ ಬದಲಾಗದು.)

ಈ ನೆಲದಲ್ಲಿ ನನ್ನನ್ನು ನಾಚಿಸುವ ಇನ್ನೊಂದು ಸಂಗತಿಯಿದೆ. ಕಳ್ಳು ಮಾಡಬೇಡಿ, ಕೊಡಬೇಡಿ, ಕುಡಿಯಬೇಡಿ ಎಂದು ಬ್ರಹ್ಮಶ್ರೀ ನಾರಾಯಣ ಗುರುಗಳು ಬೋಧಿಸಿದ್ದು ಪರರಿಗಲ್ಲ, ಕಳ್ಳಿಳಿಸುವುದೇ ಕುಲಕಸುಬಾಗಿದ್ದ ತಮ್ಮದೇ ಜನಕ್ಕೆ. ಕರಾವಳಿಯ ಬಿಲ್ಲವರು ಆ ಗುರುವನ್ನೇ ತಮ್ಮ ಗುರುವೆಂದು ಸ್ವೀಕರಿಸಿದರು. ಮೂರ್ತೆಯನ್ನೇ ನಂಬಿದ ಮನೆಗಳು ಇವತ್ತಿಗೂ ಇವೆ, ನಿಜ. ಆದರೆ ಮಕ್ಕಳು ಶಾಲೆಗೆ ಹೋದರು, ಬೇರೆ ಉದ್ಯೋಗ ಹಿಡಿದರು. ತನ್ನವರ ಅನ್ನದ ಮೂಲದ ಮೇಲೆಯೇ ಮಾತಾಡಿದ ಗುರು ಅವರಿಗೆ ಸಿಕ್ಕರು. ನಮ್ಮ ಮಠಗಳ ವೇದಿಕೆಯ ಮೇಲೆ ದ್ರಾಕ್ಷಿ ಬೆಳೆಗಾರರು, ವ್ಯಾಪಾರಿಗಳು, ಬಾರಿನ ಲೈಸೆನ್ಸು ಇರುವ ದಾನಿಗಳು ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ಅವರೆದುರು ಸಾರಾಯಿಯನ್ನು ಖಂಡಿಸುವುದು ಸುಲಭ, ಅದು ಈಗಾಗಲೇ ನಿಷೇಧವಾಗಿದೆ!

ನಮ್ಮಲ್ಲಿ ಮಾದರಿಗಳಿಲ್ಲವೆಂದಲ್ಲ. ಹೆಂಡದ ಮಾರಯ್ಯನವರು ಹೆಂಡ ಮಾರುವ ಕಾಯಕದಿಂದಲೇ ಅನುಭವ ಮಂಟಪಕ್ಕೆ ಬಂದವರು. ಧರ್ಮೇಶ್ವರಲಿಂಗ ಅಂಕಿತದ ಅವರ ವಚನಗಳಲ್ಲಿ ಹೆಂಡದ ಭಾಷೆಯೇ ತತ್ತ್ವದ ಭಾಷೆಯಾಗಿದೆ. ಶರಣರು ಅವರನ್ನು ಹೊರಗಿಡಲಿಲ್ಲ, ಹೆಂಡವನ್ನು ಹಾಡಿ ಹೊಗಳಲೂ ಇಲ್ಲ. ನಮ್ಮ ಕಾಲದಲ್ಲಿ ಇಳಕಲ್ಲಿನ ಡಾ. ಮಹಾಂತ ಅಪ್ಪಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ ದುಶ್ಚಟಗಳನ್ನು ಭಿಕ್ಷೆ ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಈಗ ಸರ್ಕಾರದ ವ್ಯಸನಮುಕ್ತ ದಿನ. ಆ ದಿನ ಶಾಲೆಯ ಮಕ್ಕಳು ಜಾಥಾ ಹೋಗುತ್ತಾರೆ, ಭಾಷಣಗಳಾಗುತ್ತವೆ. ಜೋಳಿಗೆ ಮಾತ್ರ ಹೆಚ್ಚಾಗಿ ಹೋಗುವುದು ಕೇರಿಗಳಿಗೆ, ತಾಂಡಾಗಳಿಗೆ. ಡಾಕ್ಟರರ, ಎಂಜಿನಿಯರರ, ಪ್ರಾಧ್ಯಾಪಕರ ಕಾಲೊನಿಗಳ ಗೇಟಿನ ಮುಂದೆ ಅದು ನಿಂತದ್ದು ಅಪರೂಪ. ಕೇರಿಯವನು ಬೀಡಿ ಕಟ್ಟನ್ನು ಜೋಳಿಗೆಗೆ ಹಾಕುವಾಗ, ನಮ್ಮ ಫ್ರಿಜ್ಜಿನಲ್ಲಿರುವ ಬಾಟಲಿ ಅಲ್ಲಿಗೇಕೆ ಬರಬಾರದು?

ಜೋಳಿಗೆ ವೈನರಿಯ ಅಂಗಳಕ್ಕೂ ಹೋಗಲಿ, ಆದರೆ ಬರಿಗೈಯಲ್ಲಿ ಬೇಡ. ಗೇಟಿನ ಬಳಿ ನಿಂತಿದ್ದ ಆ ರೈತನಿಗೆ ಮಠಗಳು ಮಾಡಬಹುದಾದ ಕೆಲಸ ಕಣ್ಣೆದುರೇ ಇದೆ. ಶ್ರಾವಣದ ಪ್ರವಚನ, ಜಾತ್ರೆ, ಬಸವ ಜಯಂತಿ, ನಿತ್ಯದ ದಾಸೋಹ, ಸಾವಿರಾರು ಮಕ್ಕಳಿರುವ ಪ್ರಸಾದ ನಿಲಯಗಳು ಇವೆಲ್ಲಕ್ಕೂ ಸಿಹಿ ಬೇಕು. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ ಆಗುತ್ತದೆ, ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಹತ್ತಿಪ್ಪತ್ತು ಮಠಗಳು ಸೇರಿ ತಿಕೋಟಾ, ಬಬಲೇಶ್ವರ ಕಡೆಯ ರೈತರಿಂದ ಸುಗ್ಗಿಯಲ್ಲೇ ದರ ನಿಗದಿಮಾಡಿ ನೇರವಾಗಿ ಕೊಳ್ಳಲಿ. ಚಾಟ್ನಿಗೆ ಮುಂಚೆಯೇ ಮಾತಾಗಿದ್ದರೆ ಯಾವ ಬಳ್ಳಿ ಉಳಿಸಿಕೊಳ್ಳಬೇಕೆಂಬುದನ್ನು ಅವನೂ ಯೋಚಿಸಬಹುದು. ಉಡುಪಿಯಲ್ಲಿರುವ ನಾವು ಕೆಲವರು ಮುಂದಿನ ಬಸವ ಜಯಂತಿಯ ಪ್ರಸಾದಕ್ಕೆ ಅಲ್ಲಿಂದಲೇ ತರಿಸುವುದೆಂದು ಮಾತಾಡಿಕೊಂಡಿದ್ದೇವೆ. ಐವತ್ತು ಕಿಲೋ ಸಾಕಾದೀತು.