ದಾದಿಯ ಕೈಗೆ ಸೀಮೆಸುಣ್ಣ

ದಾದಿಯೊಬ್ಬರು ವಾರ್ಡು ಬಿಟ್ಟು ನರ್ಸಿಂಗ್ ಶಾಲೆಯ ಅಧ್ಯಾಪಕಿಯಾದರೆ "ರಾತ್ರಿಪಾಳಿ ತಪ್ಪಿತು, ಪುಣ್ಯವಂತೆ!" ಎನ್ನುವವರು ನಮ್ಮ ಹೊಸಪೇಟೆಯಲ್ಲಿಯೂ ಉಂಟು. ಈ ಮಾತು ನನಗೆ ಸಮ್ಮತವಲ್ಲ. ಸಂಡೂರಿನ ಗಣಿಕೂಲಿಯ ಕೆಮ್ಮು ಕ್ಷಯದ್ದೋ ಧೂಳಿನದೋ ಎಂಬ ಸಂದೇಹ, ಕಂಪ್ಲಿಯ ಗದ್ದೆಯಲ್ಲಿ ಹಾವು ಕಚ್ಚಿದವನ ಕಾಲಿಗೆ ಬಿಗಿದ ಹಗ್ಗವನ್ನು ವೈದ್ಯರಿಲ್ಲದೆ ಥಟ್ಟನೆ ಬಿಚ್ಚಬಾರದೆಂಬ ವಿವೇಕ, ಇವನ್ನು ಕಂಡವರೇ ಕಲಿಸಬೇಕು. ಹಂಪಿಯನ್ನು ಚಿತ್ರದಲ್ಲಷ್ಟೇ ನೋಡಿದವನು ದಾರಿ ತೋರಿಸಿಯಾನೇ?

ಬಳ್ಳಾರಿಯಲ್ಲಿ 1961ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುವ ವೈದ್ಯರೇ ರೋಗಿಯನ್ನೂ ನೋಡುತ್ತಾರೆ. ದಾದಿಯರಿಗೆ ಮಾತ್ರ, ನಮ್ಮ ದೇಶದಲ್ಲಿ ಬಹುಮಟ್ಟಿಗೆ, ಶಾಲೆಯೇ ಬೇರೆ, ಆಸ್ಪತ್ರೆಯೇ ಬೇರೆ. ಸೀಮೆಸುಣ್ಣ ಹಿಡಿದ ಮೇಲೆ ನಾಡಿ ಹಿಡಿಯುವುದು ತಪ್ಪಿಹೋಗುತ್ತದೆ. ವಾರಕ್ಕೆರಡು ದಿನವಾದರೂ ಅಧ್ಯಾಪಕಿಯರಿಗೆ ವಾರ್ಡಿನ ಹೊಣೆಯಿರಲಿ. ಅದಕ್ಕೆ ಸಂಬಳವೂ ಸಲ್ಲಲಿ.