ಮರಳಿ ಬಾರದ ಪಾರಿವಾಳಗಳ ಲೆಕ್ಕ

ಕುಣಿಗಲಿನ ಪಂದ್ಯದ ಕುದುರೆಗಳ ಹೆಸರನ್ನು ಕೇಳದವರು ವಿರಳ. ಅದೇ ತಾಲ್ಲೂಕಿನ ಹುಲಿಯೂರುದುರ್ಗದಂಥ ಬಂಡೆಬೆಟ್ಟಗಳನ್ನು ಕಂಡಾಗ ನಮಗೆ ಇನ್ನೊಂದು ಪಂದ್ಯದ ಪ್ರಾಣಿಯ ನೆನಪಾಗುವುದು. ಕಲ್ಲಿನ ಬಿರುಕುಗಳಲ್ಲಿ ಗೂಡು ಕಟ್ಟಿ, ಮೇಯಲು ದೂರ ಹೋಗಿ, ಮತ್ತೆ ಅದೇ ಬಿರುಕಿಗೆ ಮರಳುವ ಕಾಡು ಪಾರಿವಾಳದ ಕುಲದಿಂದಲೇ ಪಂದ್ಯದ ಪಾರಿವಾಳವು ಬಂದಿತು. ಕುದುರೆಯನ್ನು ಓಡಿಸುವವನು ಸವಾರ. ಪಾರಿವಾಳವನ್ನು ಹಾರಿಸುವುದು ಗೂಡಿನ ಸೆಳೆತ.

ಹತ್ತೊಂಬತ್ತನೆಯ ಶತಮಾನದಲ್ಲಿ ಬೆಲ್ಜಿಯಂ ದೇಶದಲ್ಲಿ ಬೆಳೆದ ಈ ಕ್ರೀಡೆಯು ನಮ್ಮ ಬೆಂಗಳೂರಿನಲ್ಲಿಯೂ ಬೇರೂರಿದೆ. ಕಾಲಿಗೆ ಸಂಖ್ಯೆಯ ಉಂಗುರ ತೊಡಿಸಿದ ಹಕ್ಕಿಗಳನ್ನು ದೂರಕ್ಕೊಯ್ದು ಒಟ್ಟಿಗೆ ಬಿಡುವರು. ಪ್ರತಿಯೊಂದೂ ತನ್ನ ಗೂಡಿಗೇ ಮರಳುವುದರಿಂದ ಹಾರಬೇಕಾದ ದೂರ ಬೇರೆಬೇರೆ. ಆದುದರಿಂದ ಗೆಲ್ಲುವುದು ಮೊದಲು ಮುಟ್ಟಿದ ಹಕ್ಕಿಯಲ್ಲ, ಸರಾಸರಿ ವೇಗ ಹೆಚ್ಚಾಗಿರುವ ಹಕ್ಕಿ.

ಅವು ದಾರಿಯನ್ನು ಅರಿಯುವುದು ಹೇಗೆ? ಸೂರ್ಯನು ಅವುಗಳಿಗೆ ದಿಕ್ಸೂಚಿ. ಕೃತಕ ಬೆಳಕಿನಲ್ಲಿರಿಸಿ ಹಕ್ಕಿಯ ದೇಹದ ಗಡಿಯಾರವನ್ನು 6 ಗಂಟೆ ತಪ್ಪಿಸಿದರೆ, ಬಿಸಿಲಿನ ದಿನ ಅದು ಸುಮಾರು 90 ಡಿಗ್ರಿ ಪಕ್ಕಕ್ಕೆ ಸರಿದು ಹಾರುವುದು. ಅಮೆರಿಕದ ವಿಜ್ಞಾನಿ ವಿಲಿಯಂ ಕೀಟನ್ 1971ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಯಸ್ಕಾಂತ ಕಟ್ಟಿದ ಅನುಭವಿ ಹಕ್ಕಿಗಳು ಬಿಸಿಲಿನಲ್ಲಿ ದಿಕ್ಕು ಹಿಡಿದವು. ಮೋಡ ಮುಸುಕಿದಾಗ ದಿಕ್ಕುಗೆಟ್ಟವು. ಸೂರ್ಯನು ಮರೆಯಾದಾಗ ಭೂಮಿಯ ಕಾಂತತ್ವವು ನೆರವಾಗುವುದೆಂಬುದಕ್ಕೆ ಇದು ಸಾಕ್ಷಿ.

ಇಂಥ ಅಚ್ಚರಿಯ ಶಕ್ತಿಯನ್ನು ಆಧರಿಸಿದ ಕ್ರೀಡೆಗೆ ಇಂದು ಉಳಿವಿನ ಪ್ರಶ್ನೆ ಎದುರಾಗಿದೆ. ಬಹುಮಹಡಿಗಳ ನಗರದಲ್ಲಿ ಗೂಡಿಡಲು ಸ್ವಂತ ತಾರಸಿ ದೊರೆಯುವುದು ಕಷ್ಟ. ಹಣದ ಬಾಜಿಯು ಕ್ರೀಡೆಗೆ ಕೆಟ್ಟ ಹೆಸರು ತರುವುದು. ಇವೆರಡಕ್ಕಿಂತ ದೊಡ್ಡ ಆಕ್ಷೇಪವೆಂದರೆ, ಗಿಡುಗ, ವಿದ್ಯುತ್ತಂತಿ, ಬಿರುಗಾಳಿಗಳಿಗೆ ಸಿಲುಕಿ ಮರಳದೆ ಹೋಗುವ ಹಕ್ಕಿಗಳು. ಅವು ಪಂದ್ಯಕ್ಕೆ ಒಪ್ಪಿ ಹೊರಟವಲ್ಲ.

ಪರಂಪರೆ ಎಂಬ ಒಂದೇ ಕಾರಣಕ್ಕಾಗಿ ಇದನ್ನು ಉಳಿಸಬೇಕೆಂದು ನಾವು ಹೇಳಲಾರೆವು. ಹಾಗೆಂದು ಹಕ್ಕಿಯ ತಳಿ, ಆಹಾರ, ರೋಗ, ಹವೆಗಳನ್ನು ಬಲ್ಲ ಸಾಕಣೆಗಾರರ ತಿಳಿವಳಿಕೆಯು ಅಳಿಯುವುದೂ ನಷ್ಟವೇ. ನಮ್ಮ ಸಲಹೆ ಇಷ್ಟು: ಪ್ರತಿ ಪಂದ್ಯದ ಫಲಿತಾಂಶದೊಡನೆ ಬಿಟ್ಟ ಹಕ್ಕಿಗಳೆಷ್ಟು, ಮರಳದವೆಷ್ಟು, ಅಂದಿನ ಹವೆ ಎಂಥದು ಎಂಬುದನ್ನೂ ಪ್ರಕಟಿಸಲಿ. ಮೋಡದ ದಿನ ಹಕ್ಕಿಗಳನ್ನು ಬಿಡದಿರಲಿ. ನಷ್ಟ ಹೆಚ್ಚಾದರೆ ದೂರವನ್ನು ತಗ್ಗಿಸಲಿ. ಆಗಲೂ ತಗ್ಗದಿದ್ದರೆ ಪಂದ್ಯವನ್ನೇ ನಿಲ್ಲಿಸಲಿ.

ಗೆದ್ದ ಹಕ್ಕಿಯನ್ನಷ್ಟೇ ಬರೆದಿಟ್ಟರೆ ಅದು ಕೀರ್ತಿಯ ಪಟ್ಟಿ. ಮರಳದವುಗಳನ್ನೂ ಎಣಿಸಿದರೆ ಅದು ವಿಜ್ಞಾನ. ವಿದ್ಯಾರ್ಥಿಗಳು ಸಮೀಪದ ಸಾಕಣೆಗಾರರೊಡನೆ ಕುಳಿತು ಈ ಲೆಕ್ಕವನ್ನು ಆರಂಭಿಸಬಹುದು. ಅದಕ್ಕೆ ಬೇಕಾದುದು ಒಂದು ಗಡಿಯಾರ, ಒಂದು ಪುಸ್ತಕ, ಮತ್ತು ಸಂಜೆಯವರೆಗೆ ಕಾಯುವ ತಾಳ್ಮೆ.